ಹಬ್ಬದ ಸಂಜೆ, ಸಮಾಧಿಯ ದೀಪ

ಕ್ರಿಸ್‌ಮಸ್ ಎಂದರೆ ನಕ್ಷತ್ರದ ಗೂಡುದೀಪ, ಗೋದಲಿ, ಕೇಕು, ಬಂಧುಬಳಗದ ಊಟ. ಆದರೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತಾಗಲೇ ಹಿಂದಿನ ವರ್ಷ ಜೊತೆಗಿದ್ದವರು ಈಗಿಲ್ಲ ಎಂಬುದು ಹೆಚ್ಚಾಗಿ ಕಾಡುತ್ತದೆ. ಉಳಿದ ದಿನಗಳ ಗಡಿಬಿಡಿಯಲ್ಲಿ ಅಡಗಿದ್ದ ದುಃಖ ಹಬ್ಬದ ದಿನ ಮೇಲೆದ್ದು ಬರುತ್ತದೆ. ಅದನ್ನು ಬಚ್ಚಿಡದೆ ಹಬ್ಬದ ಒಂದು ಭಾಗವನ್ನಾಗಿಯೇ ಮಾಡಿಕೊಂಡಿರುವ ದೇಶ ಉತ್ತರ ಯೂರೋಪಿನ ಫಿನ್‌ಲೆಂಡ್.

ಅಲ್ಲಿ ಹಬ್ಬದ ಮುಖ್ಯ ದಿನ ಡಿಸೆಂಬರ್ 24. ಮಧ್ಯಾಹ್ನ 12 ಗಂಟೆಗೆ ತುರ್ಕು ನಗರದಲ್ಲಿ ‘ಕ್ರಿಸ್‌ಮಸ್ ಶಾಂತಿ’ಯ ಘೋಷಣೆಯನ್ನು ಓದುತ್ತಾರೆ. ಚಳಿಗಾಲದ ಹಗಲು ಬಹಳ ಚಿಕ್ಕದು. ರಾಜಧಾನಿ ಹೆಲ್ಸಿಂಕಿಯಲ್ಲಿ ಮಧ್ಯಾಹ್ನ ಮೂರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ದೇಶದ ಉತ್ತರದ ತುದಿಯಲ್ಲಂತೂ ಆ ದಿನಗಳಲ್ಲಿ ಸೂರ್ಯೋದಯವೇ ಇಲ್ಲ. ಕತ್ತಲು ಕವಿಯುವ ಈ ಹೊತ್ತಿಗೆ ಕುಟುಂಬದವರೆಲ್ಲ ಸ್ಮಶಾನಕ್ಕೆ ಹೊರಡುತ್ತಾರೆ. ಸಮಾಧಿಯ ಮೇಲಿನ ಹಿಮವನ್ನು ಕೈಯಿಂದ ಸರಿಸಿ, ಗಾಳಿಗೆ ಆರದಂತೆ ಮರೆಯಿರುವ ಮೇಣದಬತ್ತಿಯೊಂದನ್ನು ಹಚ್ಚಿಟ್ಟು, ಸ್ವಲ್ಪ ಹೊತ್ತು ಸುಮ್ಮನೆ ನಿಂತು ಮರಳುತ್ತಾರೆ. ಸಂಜೆಯಾಗುವಷ್ಟರಲ್ಲಿ ಸ್ಮಶಾನದ ಉದ್ದಕ್ಕೂ ಸಾವಿರಾರು ದೀಪಗಳು.

ಸತ್ತವರಿಗೂ ಕ್ರಿಸ್‌ಮಸ್‌ಗೂ ಅಲ್ಲಿ ನಂಟು ಹಳೆಯದು. ಹಬ್ಬದ ರಾತ್ರಿ ಮನೆಯ ಹಿರಿಯರು ಮರಳಿ ಬರುತ್ತಾರೆಂದು ಹಳ್ಳಿಗರು ನಂಬಿದ್ದರು. ಅವರಿಗಾಗಿ ಊಟದ ಮೇಜನ್ನು ರಾತ್ರಿಯಿಡೀ ಹಾಗೆಯೇ ಬಿಡುತ್ತಿದ್ದರು. ‘ಸೌನಾ’ ಎಂಬ ಬಿಸಿಹಬೆಯ ಬಚ್ಚಲನ್ನು ಬೆಚ್ಚಗೆ ಇಡುತ್ತಿದ್ದರು. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಡುವ ನಮ್ಮವರಿಗೆ ಇದು ಅರ್ಥವಾಗದ ಮಾತೇನಲ್ಲ.

16ನೇ ಶತಮಾನದಲ್ಲಿ ಫಿನ್‌ಲೆಂಡ್ ಲೂಥರನ ಸುಧಾರಣೆಯ ಹಾದಿ ಹಿಡಿಯಿತು. ಸತ್ತವರ ಆತ್ಮಕ್ಕಾಗಿ ಪೂಜೆ ಸಲ್ಲಿಸುವ ಕ್ಯಾಥೊಲಿಕ್ ಪದ್ಧತಿಯನ್ನು ಹೊಸ ಮತ ಒಪ್ಪಲಿಲ್ಲ. ಆಚರಣೆ ಬಿಟ್ಟುಹೋದರೂ ಅಗಲಿದವರಿಗಾಗಿ ಏನಾದರೂ ಮಾಡಬೇಕೆಂಬ ಹಂಬಲ ಬಿಡಲಿಲ್ಲ. ಸಮಾಧಿಯ ಮೇಲಿನ ದೀಪ ಈ ಹಂಬಲಕ್ಕೆ ದೊರೆತ ದಾರಿ ಎನ್ನಬಹುದು. ಅದಕ್ಕೆ ಮಂತ್ರ ಬೇಡ, ಪಾದ್ರಿ ಬೇಡ. ದೇವರನ್ನು ನಂಬದವರೂ ಹಚ್ಚಬಹುದು.

ಆದರೆ ಈ ದೀಪದ ಪದ್ಧತಿ ಅಷ್ಟು ಹಳೆಯದಲ್ಲ. 20ನೇ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಲ್ಲಿ ಕಾಣಿಸಿಕೊಂಡ ಇದನ್ನು ಇಡೀ ದೇಶದ ಪದ್ಧತಿಯನ್ನಾಗಿ ಮಾಡಿದ್ದು ಯುದ್ಧ. 1939ರ ನವೆಂಬರ್ 30ರಂದು ಸೋವಿಯತ್ ಒಕ್ಕೂಟ ಫಿನ್‌ಲೆಂಡಿನ ಮೇಲೆ ದಾಳಿ ಮಾಡಿತು. 105 ದಿನ ನಡೆದ ಆ ‘ಚಳಿಗಾಲದ ಯುದ್ಧ’ದಲ್ಲಿ 25 ಸಾವಿರಕ್ಕೂ ಹೆಚ್ಚು ಫಿನ್ನರು ಮಡಿದರು. 1941ರಿಂದ 1944ರವರೆಗೆ ಮತ್ತೆ ಯುದ್ಧ. ಸಾಮಾನ್ಯವಾಗಿ ಸೈನಿಕರನ್ನು ರಣರಂಗದ ಸಮೀಪದಲ್ಲೇ ಹೂಳುವುದು ರೂಢಿ. ಫಿನ್ನರು ಹಾಗೆ ಮಾಡದೆ, ಸಾಧ್ಯವಾದಷ್ಟು ಮಟ್ಟಿಗೆ ಶವಗಳನ್ನು ಅವರವರ ಊರಿಗೇ ಕಳುಹಿಸಿಕೊಟ್ಟರು. ಶವಗಳ ಗುರುತು ಹಿಡಿದು, ತೊಳೆದು, ಬಟ್ಟೆ ತೊಡಿಸುವ ಕೆಲಸದಲ್ಲಿ ‘ಲೊಟ್ಟಾ’ ಸಂಘಟನೆಯ ಮಹಿಳೆಯರು ದುಡಿದರು. ಹೀಗಾಗಿ ಊರೂರಿನ ಚರ್ಚಿನ ಬಳಿ ‘ವೀರರ ಸಮಾಧಿ’ಗಳ ಸಾಲು ಎದ್ದಿತು. ಮಗನನ್ನು ಕಳೆದುಕೊಂಡ ತಾಯಿಗೆ ಹಬ್ಬದ ದಿನ ನಡೆದುಹೋಗಿ ದೀಪ ಹಚ್ಚುವಷ್ಟು ಹತ್ತಿರದಲ್ಲಿ ಅವನ ಸಮಾಧಿ ಇತ್ತು.

ಎಲ್ಲರಿಗೂ ಈ ಭಾಗ್ಯ ಇರಲಿಲ್ಲ. ಯುದ್ಧದಲ್ಲಿ ಕರೇಲಿಯಾ ಪ್ರಾಂತ್ಯದ ಬಹುಭಾಗ ಸೋವಿಯತ್ ಒಕ್ಕೂಟದ ಪಾಲಾಯಿತು. ಅಲ್ಲಿನ 4 ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಫಿನ್‌ಲೆಂಡಿನ ಇತರ ಭಾಗಗಳಿಗೆ ಬಂದು ನೆಲೆಸಿದರು. ದನಕರುಗಳನ್ನಾದರೂ ಹೊಡೆದುಕೊಂಡು ಬರಬಹುದಿತ್ತು. ಅಪ್ಪ ಅಮ್ಮಂದಿರ ಸಮಾಧಿಯನ್ನು ಹೊತ್ತು ತರುವಂತಿರಲಿಲ್ಲ. ಅವರಿಗಾಗಿ ಅನೇಕ ಸ್ಮಶಾನಗಳಲ್ಲಿ ‘ಕರೇಲಿಯಾದಲ್ಲೇ ಉಳಿದ ಮೃತರ’ ಹೆಸರಿನಲ್ಲಿ ಸ್ಮಾರಕಗಳನ್ನು ನಿಲ್ಲಿಸಲಾಯಿತು. ‘ಬೇರೆಡೆ ಮಣ್ಣಾದವರ’ ನೆನಪಿಗಾಗಿಯೂ ಒಂದೊಂದು ಜಾಗ ಮೀಸಲಾಯಿತು. ದೂರದ ಊರಿನಲ್ಲಿ, ಪರದೇಶದಲ್ಲಿ ತೀರಿಕೊಂಡವರ ಮನೆಯವರು ಅಲ್ಲಿ ದೀಪ ಹಚ್ಚುತ್ತಾರೆ. ಒಂದೇ ಕಲ್ಲಿನ ಸುತ್ತ ಯಾರು ಯಾರದೋ ದೀಪಗಳು ಒತ್ತೊತ್ತಾಗಿ ಉರಿಯುತ್ತವೆ.

1991ರಲ್ಲಿ ಸೋವಿಯತ್ ಒಕ್ಕೂಟ ಕುಸಿಯುವ ಹೊತ್ತಿಗೆ ಗಡಿ ಸಡಿಲಗೊಂಡು, ಹಳೆಯ ಊರುಗಳನ್ನು ನೋಡಿ ಬರಲು ಅನೇಕರಿಗೆ ಸಾಧ್ಯವಾಯಿತು. ಕೆಲವರಿಗೆ ಸಮಾಧಿಯ ಗುರುತೇ ಸಿಗಲಿಲ್ಲ. 2023ರ ಕೊನೆಯಲ್ಲಿ ಫಿನ್‌ಲೆಂಡ್ ರಷ್ಯಾದೊಂದಿಗಿನ ರಸ್ತೆ ಗಡಿಗಳನ್ನು ಮುಚ್ಚಿತು. ಗಡಿ ತೆರೆಯುವುದು, ಮುಚ್ಚುವುದು ಸರಕಾರಗಳ ವ್ಯವಹಾರ. ಅದಾವುದನ್ನೂ ಕಾಯದೆ ಹಬ್ಬದ ಸಂಜೆ ತಮ್ಮ ಹಿರಿಯರನ್ನು ನೆನೆಯಲು ಆ ಸಾಮಾನ್ಯ ಕಲ್ಲು ಕರೇಲಿಯಾದವರಿಗೆ ಆಸರೆಯಾಗಿದೆ.

ಸ್ಮಶಾನದಿಂದ ಮನೆಗೆ ಮರಳಿದ ಮೇಲೆ ಊಟ, ಮಕ್ಕಳಿಗೆ ಉಡುಗೊರೆ, ನಗು ಎಲ್ಲವೂ ಇದ್ದೇ ಇರುತ್ತವೆ. ಅಗಲಿದವರನ್ನು ಮೊದಲು ನೆನೆದು ಬಂದವರಿಗೆ ನಗುವುದು ತಪ್ಪೆನಿಸುವುದಿಲ್ಲ. ದುಃಖಕ್ಕೂ ಹಬ್ಬದಲ್ಲಿ ಒಂದು ಹೊತ್ತು, ಒಂದು ಜಾಗ ಕೊಟ್ಟರೆ ಅದು ಉಳಿದ ಹೊತ್ತನ್ನು ಸಂತೋಷಕ್ಕೆ ಬಿಟ್ಟುಕೊಡುತ್ತದೆ ಎಂಬುದನ್ನು ಫಿನ್ನರು ಅನುಭವದಿಂದ ಕಂಡುಕೊಂಡಿದ್ದಾರೆ.