ಕೂಸಿನ ಬೆನ್ನುಹುರಿಯ ದೋಷ: ವಂಶವಾಹಿ ಹೇಳುವುದೇನು, ಹೇಳದಿರುವುದೇನು?

ಬೆನ್ನಿನ ಮೇಲೆ ಗಂಟು ಅಥವಾ ತೆರೆದ ಗಾಯದೊಂದಿಗೆ ಶಿಶು ಜನಿಸಿದ ಮನೆಯಲ್ಲಿ, ವೈದ್ಯರ ಮಾತಿಗಿಂತ ಮೊದಲು ಕೇಳಿಬರುವ ಪ್ರಶ್ನೆಯೊಂದಿದೆ: ಗ್ರಹಣದ ಹೊತ್ತಿನಲ್ಲಿ ಸೊಸೆ ಹೊರಗೆ ಬಂದಿದ್ದಳೇ, ಈಳಿಗೆಯಲ್ಲಿ ಏನನ್ನಾದರೂ ಹೆಚ್ಚಿದ್ದಳೇ? ವಿಜಯಪುರ ನಗರದಲ್ಲಾಗಲಿ, ತಿಕೋಟಾ, ಬಬಲೇಶ್ವರದ ಸುತ್ತಲಿನ ಹಳ್ಳಿಗಳಲ್ಲಾಗಲಿ ಈ ಪ್ರಶ್ನೆ ಇನ್ನೂ ನಿಂತಿಲ್ಲ. ಗ್ರಹಣಕ್ಕೂ ಈ ದೋಷಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಇತ್ತೀಚೆಗೆ ಓದುಬರಹ ಬಲ್ಲ ಮನೆಗಳಲ್ಲಿ ಅದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತಿದೆ. 'ಇದು ಜೀನ್ಸ್ ದೋಷವಂತೆ. ಅವಳ ತವರಿನ ರಕ್ತವೇ ಸರಿಯಿಲ್ಲ' ಎನ್ನುವ ಮಾತು ಹಳೆಯ ಆರೋಪಕ್ಕೆ ವಿಜ್ಞಾನದ ಬಟ್ಟೆ ತೊಡಿಸಿದಂತಿದೆ. ಆದುದರಿಂದ ವಂಶವಾಹಿಗಳ ಕುರಿತು ಸಂಶೋಧನೆ ನಿಜವಾಗಿ ಏನನ್ನು ಕಂಡುಕೊಂಡಿದೆ ಎಂಬುದನ್ನು ಸದ್ಭಕ್ತರು ತಿಳಿದಿರುವುದು ಅಗತ್ಯ.

ಗರ್ಭಾಂಕುರವಾದ ಮೂರನೆಯ ವಾರದಲ್ಲಿ ಭ್ರೂಣದ ಬೆನ್ನಿನ ಭಾಗವು ಒಂದು ತೆಳುವಾದ ಹಾಳೆಯಂತಿರುತ್ತದೆ. ಅದರ ಎರಡೂ ಅಂಚುಗಳು ಮೇಲೆದ್ದು, ಪಲ್ಯವಿಟ್ಟು ಸುತ್ತಿದ ರೊಟ್ಟಿಯಂತೆ ಒಂದನ್ನೊಂದು ಕೂಡಿ ನಾಳವಾಗುತ್ತವೆ. ಇದೇ ನರನಾಳ. ಇದರ ಮೇಲ್ಭಾಗ ಮೆದುಳಾಗಿಯೂ ಉಳಿದ ಭಾಗ ಬೆನ್ನುಹುರಿಯಾಗಿಯೂ ಬೆಳೆಯುತ್ತದೆ. ಈ ಕೂಡುವಿಕೆ 28ನೆಯ ದಿನದ ಹೊತ್ತಿಗೆ ಮುಗಿಯುತ್ತದೆ. ಮೇಲ್ತುದಿ ಮುಚ್ಚದೆ ಉಳಿದರೆ ಮೆದುಳು, ತಲೆಬುರುಡೆಗಳು ಬೆಳೆಯುವುದಿಲ್ಲ. ಅಂತಹ ಶಿಶು ಬದುಕುಳಿಯದು. ಕೆಳಭಾಗ ಮುಚ್ಚದಿದ್ದರೆ 'ಸ್ಪೈನಾ ಬೈಫಿಡಾ' ಎಂಬ ಸ್ಥಿತಿ ಉಂಟಾಗುತ್ತದೆ. ಅದರ ತೀವ್ರ ರೂಪದಲ್ಲಿ ಬೆನ್ನುಹುರಿಯೇ ಚೀಲದಂತೆ ಹೊರಚಾಚಿರುತ್ತದೆ. ಕಾಲುಗಳಲ್ಲಿ ಬಲವಿಲ್ಲದಿರುವುದು, ಮಲಮೂತ್ರಗಳ ಹಿಡಿತ ತಪ್ಪುವುದು, ತಲೆಯಲ್ಲಿ ನೀರು ತುಂಬುವುದು ಇದರ ಪರಿಣಾಮಗಳು. ಆದರೂ ಇಂತಹ ಅನೇಕ ಮಕ್ಕಳ ಬುದ್ಧಿಶಕ್ತಿ ಚೆನ್ನಾಗಿಯೇ ಇರುತ್ತದೆ ಎಂಬುದನ್ನು ಮರೆಯಬಾರದು.

ಗರ್ಭಾಂಕುರದಿಂದ 28ನೆಯ ದಿನವೆಂದರೆ ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದಾಗ ಆರು ವಾರ. ಬಹಳಷ್ಟು ಹೆಣ್ಣುಮಕ್ಕಳಿಗೆ ಆಗ ತಾವು ಗರ್ಭಿಣಿಯರೆಂಬುದೇ ಖಚಿತವಾಗಿರುವುದಿಲ್ಲ. ತಾಯಿ ಕಾರ್ಡ್ ಮಾಡಿಸಿ ಮಾತ್ರೆ ಪಡೆಯುವ ಹೊತ್ತಿಗೆ ನರನಾಳವು ಮುಚ್ಚಿರುತ್ತದೆ, ಇಲ್ಲವೇ ಮುಚ್ಚದೆ ಉಳಿದಿರುತ್ತದೆ.

ಈ ದೋಷಕ್ಕೆ ವಂಶವಾಹಿಯ ನಂಟಿದೆ ಎಂಬ ಸಂಶಯಕ್ಕೆ ಕಾರಣವಿದೆ. ಒಮ್ಮೆ ಇಂತಹ ಶಿಶುವನ್ನು ಹೆತ್ತ ತಾಯಿಗೆ ಮುಂದಿನ ಗರ್ಭದಲ್ಲಿಯೂ ಹಾಗೆಯೇ ಆಗುವ ಸಾಧ್ಯತೆ ನೂರಕ್ಕೆ ಎರಡರಿಂದ ಐದು. ಇತರರಿಗಿಂತ ಇದು ಹಲವು ಪಟ್ಟು ಹೆಚ್ಚು. (ಹಾಗೆಂದರೆ ನೂರರಲ್ಲಿ ತೊಂಬತ್ತೈದಕ್ಕೆ ಕಡಿಮೆಯಿಲ್ಲದಷ್ಟು ಮುಂದಿನ ಮಕ್ಕಳಿಗೆ ಈ ದೋಷವಿರುವುದಿಲ್ಲ ಎಂಬುದೂ ಅಷ್ಟೇ ನಿಜ. ಈ ಮಾತನ್ನು ಅಂತಹ ತಾಯಂದಿರಿಗೆ ಯಾರೂ ಹೇಳುವುದಿಲ್ಲ.) ನಮ್ಮ ನಾಡಿನ ಮಟ್ಟಿಗೆ ಈ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟದ್ದು ದಾವಣಗೆರೆ. ಅಲ್ಲಿನ ಮಕ್ಕಳ ತಜ್ಞರಾದ ಡಾ. ಎಂ. ಎಲ್. ಕುಲಕರ್ಣಿ ಮತ್ತು ಸಂಗಡಿಗರು 1987ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ, ತಾವು ನೋಡಿದ ಹೆರಿಗೆಗಳಲ್ಲಿ ಸಾವಿರಕ್ಕೆ 11ಕ್ಕೂ ಹೆಚ್ಚು ಶಿಶುಗಳಿಗೆ ನರನಾಳ ದೋಷವಿತ್ತೆಂದು ವರದಿ ಮಾಡಿದರು. ದೊಡ್ಡ ಆಸ್ಪತ್ರೆಗೆ ಕಠಿಣ ಹೆರಿಗೆಗಳೇ ಹೆಚ್ಚಾಗಿ ಬರುವುದರಿಂದ ಇದನ್ನು ಇಡೀ ನಾಡಿನ ಲೆಕ್ಕವೆನ್ನಲಾಗದು. ಆದರೂ ಬಹಳ ದೊಡ್ಡ ಸಂಖ್ಯೆ.

ಇಲ್ಲಿ ರಕ್ತಸಂಬಂಧದ ವಿವಾಹದ ಮಾತು ಬಂದೇ ಬರುತ್ತದೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ನಮ್ಮಲ್ಲಿ ಹೊಲಮನೆಯ ಲೆಕ್ಕದಿಂದಲೂ, ಮಗಳು ಕಣ್ಣೆದುರಿಗೇ ಇರಲೆಂಬ ಮಮತೆಯಿಂದಲೂ ಬೆಳೆದುಬಂದದ್ದು. ಪ್ರತಿಯೊಬ್ಬರಲ್ಲಿಯೂ ಪ್ರತಿ ವಂಶವಾಹಿಯ ಎರಡು ಪ್ರತಿಗಳಿರುತ್ತವೆ: ತಂದೆಯಿಂದ ಒಂದು, ತಾಯಿಯಿಂದ ಒಂದು. ಹೊಲದ ಕಾಗದಪತ್ರದ ಒಂದು ಪ್ರತಿ ಹರಿದಿದ್ದರೂ ಇನ್ನೊಂದರಿಂದ ಕೆಲಸ ಸಾಗುವಂತೆ, ಒಂದು ಕೆಟ್ಟರೂ ಇನ್ನೊಂದು ನಡೆಸಿಕೊಡುತ್ತದೆ. ಗಂಡಹೆಂಡಿರು ಒಂದೇ ಮನೆತನದವರಾದಾಗ ಒಬ್ಬ ಹಿರಿಯರಿಂದ ಬಂದ ಅದೇ ಹರಿದ ಪ್ರತಿ ಇಬ್ಬರಿಂದಲೂ ಮಗುವಿಗೆ ಬರುವ ಸಾಧ್ಯತೆ ಹೆಚ್ಚುತ್ತದೆ. ಸೋದರಮಾವನ ಮದುವೆಯಲ್ಲಿ ಮಗುವಿನ ವಂಶವಾಹಿಗಳಲ್ಲಿ ಸರಾಸರಿ ಎಂಟರಲ್ಲೊಂದು ಭಾಗ, ಅತ್ತೆ-ಮಾವಂದಿರ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲೊಂದು ಭಾಗ ಹೀಗೆ ಒಂದೇ ಪ್ರತಿಯ ಜೋಡಿಯಾಗಿರುತ್ತದೆ. ಈ ಅಪಾಯದಲ್ಲಿ ಗಂಡು-ಹೆಣ್ಣು ಇಬ್ಬರ ಪಾಲೂ ಸಮ. ಅಲ್ಲದೆ ಸಂಬಂಧದೊಳಗೆ ಮದುವೆಯಾದವರ ಬಹುಪಾಲು ಮಕ್ಕಳು ಆರೋಗ್ಯವಂತರಾಗಿಯೇ ಹುಟ್ಟುತ್ತಾರೆ. ಸಂಬಂಧವಿಲ್ಲದವರ ಮಕ್ಕಳಲ್ಲಿಯೂ ನರನಾಳ ದೋಷ ಕಾಣಿಸಿಕೊಳ್ಳುತ್ತದೆ.

ಇಲಿಗಳಲ್ಲಿ ಕೆಡಿಸಿದರೆ ನರನಾಳ ಮುಚ್ಚದಂತೆ ಮಾಡುವ ವಂಶವಾಹಿಗಳು ಇನ್ನೂರಕ್ಕೂ ಹೆಚ್ಚು ತಿಳಿದಿವೆ. ಮನುಷ್ಯರಲ್ಲಿ ಮೊದಲು ಗಟ್ಟಿಯಾಗಿ ಸಿಕ್ಕ ಎಳೆ 1995ರದು: ಫೋಲೇಟ್ ಎಂಬ ಜೀವಸತ್ವವನ್ನು ದೇಹ ಬಳಸಿಕೊಳ್ಳಲು ಬೇಕಾದ ಎಂಟಿಎಚ್‌ಎಫ್‌ಆರ್ ವಂಶವಾಹಿಯ ಒಂದು ಮಾರ್ಪಾಡು. ಇದು ರೋಗವಲ್ಲ, ಆರೋಗ್ಯವಂತರಾದ ಎಷ್ಟೋ ಜನರಲ್ಲಿ ಇರುವಂಥದು. ಆ ಕೆಲಸವನ್ನು ತುಸು ನಿಧಾನಗೊಳಿಸುತ್ತದೆ, ಅಪಾಯವನ್ನು ತುಸು ಏರಿಸುತ್ತದೆ. ಬಳಿಕ 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ತಂದೆ, ತಾಯಿ, ಮಗು ಹೀಗೆ 715 ಕುಟುಂಬಗಳ ವಂಶವಾಹಿಗಳನ್ನು ಓದಿ, ಆರು ಮಕ್ಕಳಲ್ಲಿ 22ನೆಯ ವರ್ಣತಂತುವಿನ ಒಂದು ತುಣುಕೇ ಇಲ್ಲದಿರುವುದನ್ನು ಕಂಡಿತು. ಆ ತುಣುಕಿನಲ್ಲಿರುವ ಒಂದು ವಂಶವಾಹಿಯನ್ನು ಇಲಿಗಳಲ್ಲಿ ತೆಗೆದಾಗ ಅವುಗಳ ಮರಿಗಳಲ್ಲಿಯೂ ದೋಷ ಕಂಡಿತು. ತಾಯಿ ಇಲಿಯ ಆಹಾರದಲ್ಲಿ ಫೋಲೇಟ್ ಕಡಿಮೆ ಮಾಡಿದಾಗ ದೋಷ ಇನ್ನೂ ಹೆಚ್ಚಾಯಿತು. ವಂಶವಾಹಿಯೂ ಊಟವೂ ಬೇರೆ ಬೇರೆ ಕಥೆಗಳಲ್ಲವೆಂದು ಇಷ್ಟು ನಿಚ್ಚಳವಾಗಿ ತೋರಿಸಿದ ಪ್ರಯೋಗಗಳು ಕಡಿಮೆ.

ಮರುವರ್ಷ 'ನೇಚರ್' ಪತ್ರಿಕೆಯಲ್ಲಿ ಬಂದ 851 ಕುಟುಂಬಗಳ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಸುಮಾರು ಐವರಲ್ಲಿ ಒಂದು ಮಗುವಿನಲ್ಲಿ ತಂದೆಯಲ್ಲಿಯೂ ಇಲ್ಲದ, ತಾಯಿಯಲ್ಲಿಯೂ ಇಲ್ಲದ, ಹೊಸದಾಗಿ ಮೂಡಿದ ಹಾನಿಕರ ಬದಲಾವಣೆಗಳು ಕಂಡವು. ಅವೆಲ್ಲವೂ ದೋಷಕ್ಕೆ ಕಾರಣವಲ್ಲ; ಒಂದು ಪಾಲು ಮಾತ್ರ. ಅವು 187 ವಂಶವಾಹಿಗಳಲ್ಲಿ ಹಂಚಿಹೋಗಿದ್ದವು. ತವರಿನ ರಕ್ತವನ್ನು ಹಳಿಯುವವರು ಇದನ್ನು ಎರಡು ಬಾರಿ ಓದಬೇಕು: ಇಂತಹ ಬದಲಾವಣೆ ಯಾವ ಮನೆತನದಿಂದಲೂ ಬಂದದ್ದಲ್ಲ.

ಹಾಗಾದರೆ ತಿಕೋಟಾದ ಒಂದು ಕುಟುಂಬ ಸಾವಿರಾರು ರೂಪಾಯಿ ಖರ್ಚು ಮಾಡಿ ವಂಶವಾಹಿ ಪರೀಕ್ಷೆ ಮಾಡಿಸಬೇಕೇ? ಎಲ್ಲರಿಗೂ ಬೇಡ. ಮಗುವಿಗೆ ಹೃದಯದ ಅಥವಾ ಮೂತ್ರಪಿಂಡದ ದೋಷವೂ ಜೊತೆಗಿದ್ದರೆ, ಮನೆತನದಲ್ಲಿ ಇದು ಎರಡನೆಯ ಬಾರಿ ಆಗಿದ್ದರೆ, ದಂಪತಿಗಳು ರಕ್ತಸಂಬಂಧಿಗಳಾಗಿದ್ದರೆ ತಜ್ಞರ ಸಲಹೆ ಪಡೆಯುವುದು ಯೋಗ್ಯ. ಹೋಗುವಾಗ ಮೂರು ತಲೆಮಾರಿನ ಮದುವೆ, ಮಕ್ಕಳು, ಗರ್ಭಪಾತ, ಶಿಶುಮರಣಗಳ ವಿವರವನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಂಡು ಹೋಗಬೇಕು. ಮುಚ್ಚುಮರೆ ಬೇಡ. ಉಳಿದವರಿಗೆ ಪರೀಕ್ಷೆಯ ಫಲಿತಾಂಶ ಏನೇ ಬಂದರೂ ವೈದ್ಯರು ಹೇಳುವ ಮುಂದಿನ ಕ್ರಮ ಒಂದೇ, ಅದೂ ಅತ್ಯಂತ ಅಗ್ಗದ್ದು: ಫೋಲಿಕ್ ಆಮ್ಲದ ಮಾತ್ರೆ.

ಇದರ ಕಥೆಗೆ ನಮ್ಮ ನೆರೆಯ ಮುಂಬಯಿಯೂ ಸೇರಿದೆ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಅಲ್ಲಿನ ಬಡ ಗರ್ಭಿಣಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ವಸ್ತುವೇ ಮುಂದೆ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ ಫೋಲಿಕ್ ಆಮ್ಲವೆಂದು ತಿಳಿಯಿತು. ನರನಾಳ ದೋಷದ ಶಿಶುವನ್ನು ಹೆತ್ತಿದ್ದ ತಾಯಂದಿರಿಗೆ ಮುಂದಿನ ಗರ್ಭಕ್ಕೆ ಮೊದಲೇ ದಿನಕ್ಕೆ 4 ಮಿಲಿಗ್ರಾಂ ಕೊಟ್ಟರೆ ದೋಷವು ಮರುಕಳಿಸುವುದು ನೂರಕ್ಕೆ 72ರಷ್ಟು ತಗ್ಗುತ್ತದೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗ 1991ರಲ್ಲಿ ಸಾಧಿಸಿ ತೋರಿಸಿತು. ಇತರ ಎಲ್ಲ ಹೆಣ್ಣುಮಕ್ಕಳಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಗರ್ಭ ಧರಿಸುವುದಕ್ಕೆ ಒಂದು ತಿಂಗಳಾದರೂ ಮೊದಲು ಆರಂಭಿಸಿ ಮೂರು ತಿಂಗಳು ತುಂಬುವವರೆಗೆ ಮುಂದುವರಿಸಬೇಕು. ಹೆಚ್ಚಿನ ಪ್ರಮಾಣವನ್ನು ವೈದ್ಯರೇ ಬರೆದುಕೊಡಬೇಕು. ಮೂರ್ಛೆರೋಗಕ್ಕೆ ವಾಲ್‌ಪ್ರೊಯೇಟ್ ಔಷಧ ಸೇವಿಸುವವರಿಗೂ, ಸಕ್ಕರೆ ಕಾಯಿಲೆಯವರಿಗೂ ಅಪಾಯ ಹೆಚ್ಚು. ಅವರು ಮದುವೆಗೆ ಮೊದಲೇ ವೈದ್ಯರನ್ನು ಕಾಣಬೇಕು, ತಾವಾಗಿಯೇ ಔಷಧ ನಿಲ್ಲಿಸಬಾರದು.

ನಮ್ಮ ಮಠಗಳ ಸಾಮೂಹಿಕ ವಿವಾಹಗಳಲ್ಲಿ ತಾಳಿ, ಸೀರೆಗಳೊಂದಿಗೆ ವೈದ್ಯರ ಸಲಹೆಯಂತೆ ಈ ಮಾತ್ರೆಯ ಪೊಟ್ಟಣವನ್ನೂ ಕೊಡಲಾರೆವೇ ಎಂಬುದು ನನ್ನ ವಿನಂತಿ. ನವದಂಪತಿಗಳು ಆಸ್ಪತ್ರೆಗೆ ಬರುವುದು ಗರ್ಭ ನಿಂತ ಮೇಲೆ. ಮಠಕ್ಕೆ ಬರುವುದು ಅದಕ್ಕೂ ಮೊದಲು.

ಹೆಸರುಕಾಳು, ಕಡಲೆ, ಮೆಂತೆ, ಪಾಲಕ್, ರಾಜಗಿರಿ ಸೊಪ್ಪುಗಳಲ್ಲಿ ಫೋಲೇಟ್ ಇದೆ. ಆದರೆ ಬಹಳ ಹೊತ್ತು ಕುದಿಸಿ ನೀರು ಚೆಲ್ಲಿದರೆ ಅದರಲ್ಲಿ ಹೆಚ್ಚಿನದು ಹೋಗಿಬಿಡುತ್ತದೆ. ಸಸ್ಯಾಹಾರಿಗಳಾದ ನಾವು ಮತ್ತೊಂದನ್ನು ಗಮನಿಸಬೇಕು. ಫೋಲೇಟ್ ಕೆಲಸ ಮಾಡಲು ಬಿ12 ಜೀವಸತ್ವ ಬೇಕು, ಅದು ಕಾಳು-ಸೊಪ್ಪುಗಳಲ್ಲಿ ಇಲ್ಲ. ಬಿ12 ಕೊರತೆಯಿರುವ ತಾಯಂದಿರಲ್ಲಿಯೂ ನರನಾಳ ದೋಷದ ಅಪಾಯ ಹೆಚ್ಚೆಂದು ಐರ್ಲೆಂಡಿನ ಅಧ್ಯಯನ ತೋರಿಸಿದೆ. ಹಾಲು, ಮೊಸರು, ಮಜ್ಜಿಗೆಗಳಲ್ಲಿ ಬಿ12 ದೊರೆಯುತ್ತದೆ. ಮನೆಯ ಹಾಲನ್ನೆಲ್ಲ ಡೇರಿಗೆ ಹಾಕಿ ಸೊಸೆಗೆ ಕರಿ ಚಹಾ ಕೊಡುವ ಮನೆಗಳನ್ನು ನಾನು ಕಂಡಿದ್ದೇನೆ.

ಹದಿನೆಂಟರಿಂದ ಇಪ್ಪತ್ತನೆಯ ವಾರದ ಸ್ಕ್ಯಾನಿಂಗ್‌ನಲ್ಲಿ ಈ ದೋಷ ಬಹುತೇಕ ಗೊತ್ತಾಗುತ್ತದೆ; ಅದನ್ನು ತಪ್ಪಿಸಬಾರದು. ಮೊದಲೇ ತಿಳಿದರೆ ಹೆರಿಗೆಯನ್ನು ವಿಜಯಪುರದಂತಹ ಕಡೆ, ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಯಲ್ಲಿ ಮಾಡಿಸಬಹುದು. ತಿಳಿಯದೆ ಹಳ್ಳಿಯಲ್ಲಿಯೇ ಕೂಸು ಹುಟ್ಟಿದರೆ ಬೆನ್ನಿನ ಗಂಟಿಗೆ ಅರಿಶಿನ, ವಿಭೂತಿ, ಎಣ್ಣೆ ಏನನ್ನೂ ಹಚ್ಚಬಾರದು. ಸಲೈನ್‌ನಲ್ಲಿ ತೋಯಿಸಿದ ಶುದ್ಧ ಬಟ್ಟೆ ಮುಚ್ಚಿ, ಕೂಸನ್ನು ಬೋರಲಾಗಿ ಅಥವಾ ಮಗ್ಗುಲಾಗಿ ಮಲಗಿಸಿ, ಮೈ ಬೆಚ್ಚಗಿಟ್ಟು ಕೂಡಲೇ ಕರೆದೊಯ್ಯಬೇಕು. ತೆರೆದ ಬೆನ್ನನ್ನು ಸಾಮಾನ್ಯವಾಗಿ ಎರಡು-ಮೂರು ದಿನಗಳೊಳಗೆ ಹೊಲಿಯುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ದೋಷ ಸೇರಿರುವುದರಿಂದ ಚಿಕಿತ್ಸೆಗೆ ಸರ್ಕಾರದ ನೆರವಿದೆ; ಊರಿನ ಆಶಾ ಕಾರ್ಯಕರ್ತೆಯನ್ನು ಅದೇ ದಿನ ಕೇಳಿರಿ.