ಮಣ್ಣುಗೋಡೆಗೆ ಭಾರ ತೂಗುಹಾಕುವ ಮುನ್ನ



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಹಿರಿಯರು ಕಟ್ಟಿದ ಮಣ್ಣಿನ ಗೋಡೆಗಳು ಇಂದಿಗೂ ನಿಂತಿವೆ. ಸಿಮೆಂಟಿನ ಗಿಲಾವು ಮಾಡಿ ಸುಣ್ಣ ಹೊಡೆದರೆ ಹೊಸ ಗೋಡೆಯಂತೆಯೇ ಕಾಣುತ್ತವೆ. ಆದರೆ ಗಟ್ಟಿಯಿರುವುದು ಮೇಲಿನ ಬೆರಳಗಲದ ಗಿಲಾವು ಮಾತ್ರ. ಒಳಗಿರುವುದು ಮಣ್ಣು, ನೀರು ಕುಡಿದರೆ ಇನ್ನೂ ಮೆತ್ತಗಾಗುವ ಮಣ್ಣು.

ಕೃಷಿ ಡಿಪ್ಲೊಮಾ ಓದಿದವನಿಗೆ ಗೋಡೆಯ ಗೊಡವೆ ಏಕೆ ಎಂದು ತಾವು ಕೇಳಬಹುದು. ನನ್ನ ಬಾಡಿಗೆ ಮನೆಯ ಹೊರಗೋಡೆಗೆ ನಾಲ್ಕಂಗುಲದ ಎರಡು ಮೊಳೆ ಹೊಡೆದು, ಸಿಂಪಡಿಸುವ ಯಂತ್ರವನ್ನು 16 ಲೀಟರ್ ನೀರು ತುಂಬಿದ ಹಾಗೆಯೇ ನೇತುಹಾಕಿದ್ದೆ. ಹತ್ತು ದಿನ ನಿಂತಿತು. ಒಂದು ಮಳೆಯ ರಾತ್ರಿ ಮೊಳೆ, ತಟ್ಟೆಯಗಲದ ಗಿಲಾವು, ಯಂತ್ರ ಎಲ್ಲವೂ ಒಟ್ಟಿಗೆ ಕೆಳಗೆ ಬಂದವು. ಪಕ್ಕದ ಮನೆಯವರು ದಿನವೂ ಕರು ಕಟ್ಟುತ್ತಿದ್ದುದು ಅಲ್ಲಿಯೇ. ಅಂದು ಮಳೆಯೆಂದು ಒಳಗೆ ಕಟ್ಟಿದ್ದರಿಂದ ಅದು ಉಳಿಯಿತು.

ಪಂಪುಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯನ್ನೂ ಹೀಗೆ ಮೊಳೆಗೆ ಸಿಕ್ಕಿಸಿರುವುದನ್ನು ಕಂಡಿದ್ದೇನೆ. ಅದು ಕಳಚಿದರೆ ತಂತಿಯೂ ಕಿತ್ತು ಬರುತ್ತದೆ. ಒದ್ದೆ ನೆಲದಲ್ಲಿ ನಿಂತವರ ಗತಿ ಹೇಳಬೇಕಾಗಿಲ್ಲ.

ಭಾರವು ಮೊಳೆಯನ್ನು ಕೆಳಕ್ಕೆ ಎಳೆಯುವುದಷ್ಟೇ ಅಲ್ಲ, ಹೊರಕ್ಕೂ ಕೀಳುತ್ತದೆ. ಎರಡು ಕ್ರೇಟು ಟೊಮೆಟೊ ಎಂದರೆ 30 ಕಿಲೊ. ಗೋಡೆಯಿಂದ ಒಂದಡಿ ಚಾಚಿದ ಕಬ್ಬಿಣದ ಆಧಾರದ ತುದಿಗೆ ಆ ಭಾರ ಬಿದ್ದರೆ, ಗೋಡೆಗೆ ತಾಗಿದ ಅದರ ಕಾಲು ಅರ್ಧ ಅಡಿ ಇದ್ದಲ್ಲಿ ಮೇಲಿನ ಮೊಳೆಯನ್ನು 60 ಕಿಲೊ ತೂಕದಷ್ಟು ಸೆಳೆಯುತ್ತದೆ. ಕಾಲು ಎರಡಡಿ ಇದ್ದರೆ ಸೆಳೆತ 15 ಕಿಲೊಗೆ ಇಳಿಯುತ್ತದೆ. ಆದ್ದರಿಂದ ಚಾಚು ಗಿಡ್ಡವಿರಲಿ, ಕಾಲು ಉದ್ದವಿರಲಿ.

ಮೊದಲು ಗೋಡೆಯನ್ನು ಬೆರಳಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಗಿಲಾವು ಮಣ್ಣನ್ನು ಬಿಟ್ಟಿದೆ; ಅಲ್ಲಿ ಏನನ್ನೂ ಹಾಕಬೇಡಿ. ಮೊಳೆಯ ಬದಲು, ಗೋಡೆಯನ್ನು ಆರಪಾರು ದಾಟುವ ತಿರುಪಿನ ಸರಳು ಹಾಕಿ, ಒಳಗೂ ಹೊರಗೂ ಅಂಗೈಯಗಲದ ಕಬ್ಬಿಣದ ತಟ್ಟೆಯಿಟ್ಟು ನಟ್ಟು ಬಿಗಿಯಿರಿ. ತಟ್ಟೆ ಕದಲದಷ್ಟು ಬಿಗಿದರೆ ಸಾಕು. ಹೆಚ್ಚು ಬಿಗಿದರೆ ಗಿಲಾವು ಬಿರಿಯುತ್ತದೆ. ರಂಧ್ರವನ್ನು ಬೈರಿಗೆಯಿಂದ ಹೊರಕ್ಕೆ ತುಸು ಇಳಿಜಾರಾಗಿ ಕೊರೆಯಿರಿ, ಮಳೆನೀರು ಒಳಗೆ ಹರಿಯದು. ಸುತ್ತಲಿನ ಸಂದನ್ನು ಸುಣ್ಣದ ಗಾರೆಯಿಂದ ಮುಚ್ಚಿ.

ಚಳಿ ದೇಶಗಳಲ್ಲಿ ಗಿಲಾವಿನ ಹಿಂದೆ ಥರ್ಮೊಕೋಲಿನಂತಹ ಹಲಗೆ ಇರಿಸುತ್ತಾರೆ. ಅಲ್ಲಿಯೂ ಇದೇ ತೊಂದರೆ. ಬೋಲ್ಟಿಗೆ ಗಟ್ಟಿ ಕೊಳವೆ ತೊಡಿಸಿ, ಭಾರವನ್ನು ಹಿಂದಿನ ಗಟ್ಟಿ ಗೋಡೆಗೆ ದಾಟಿಸುತ್ತಾರೆ.

ನಮಗೆ ಇದಕ್ಕಿಂತ ಸುಲಭದ ದಾರಿಯಿದೆ: ಕಲ್ಲುಕೂಚ. ಬೇಲಿಗೆ, ಟೊಮೆಟೊ ತೋಟಕ್ಕೆ ನೆಡುವ ಅದೇ ಕೂಚವನ್ನು ಗೋಡೆಯಿಂದ ಎರಡಡಿ ದೂರದಲ್ಲಿ, ಎರಡಡಿ ಆಳಕ್ಕೆ ನೆಟ್ಟು ಭಾರವನ್ನು ಅದಕ್ಕೇ ಹೊರಿಸಿ. ತೀರ ಹತ್ತಿರ ಅಗೆದರೆ ಗೋಡೆಯ ಬುಡ ಸಡಿಲವಾದೀತು. ಸ್ಟಾರ್ಟರ್ ಪೆಟ್ಟಿಗೆಯನ್ನು ಇದಕ್ಕೆ ಸಾಗಿಸುವಾಗ ಮಾತ್ರ ವಿದ್ಯುತ್ ನಿಲ್ಲಿಸಿ, ಬಲ್ಲ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ.

ನಮ್ಮ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಳೆ ಹೆಚ್ಚು. ಅದಕ್ಕೆ ಮೊದಲೇ ಒಂದು ದಿನ ಬಿಡುವು ಮಾಡಿಕೊಂಡು ಹೊರಗೋಡೆಯ ಮೊಳೆಗಳನ್ನೆಲ್ಲ ಒಮ್ಮೆ ಅಲ್ಲಾಡಿಸಿ ನೋಡಿ.