ಫೆಸಿಲಿಟೀಸ್ ಡೈರೆಕ್ಟರ್‌ಗೆ ಸಂಬಳ ಎಷ್ಟು, ಯಾಕಷ್ಟು?

ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಟೆಕ್‌ಪಾರ್ಕ್. ಅಲ್ಲಿ ಅಕ್ಕಪಕ್ಕದ ಎರಡು ಕಟ್ಟಡಗಳು, ಒಂದೊಂದೂ ಐದು ಲಕ್ಷ ಚದರಡಿ. ಎರಡಕ್ಕೂ ಒಬ್ಬೊಬ್ಬ ಫೆಸಿಲಿಟೀಸ್ ಮುಖ್ಯಸ್ಥರು. ಇಬ್ಬರ ಕೈಕೆಳಗೂ ಎಲೆಕ್ಟ್ರಿಷಿಯನ್, ಪ್ಲಂಬರ್, ಹೌಸ್‌ಕೀಪಿಂಗ್, ಸೆಕ್ಯುರಿಟಿ ಎಲ್ಲ ಸೇರಿ ನೂರೈವತ್ತು ಜನ. ಒಬ್ಬರ ವಾರ್ಷಿಕ ಸಂಬಳ 22 ಲಕ್ಷ ರೂಪಾಯಿ, ಇನ್ನೊಬ್ಬರದು 55 ಲಕ್ಷ. ಇದು ಊಹೆಯ ಉದಾಹರಣೆಯೇ. ಆದರೂ ಈ ಕ್ಷೇತ್ರದಲ್ಲಿರುವ ಯಾರಿಗೆ ಹೇಳಿದರೂ ಆಶ್ಚರ್ಯಪಡುವುದಿಲ್ಲ. ಕಟ್ಟಡದ ಅಳತೆಗೂ ಅದನ್ನು ನಡೆಸುವವರ ಸಂಬಳಕ್ಕೂ ಇರುವ ನಂಟು ನಾವು ಅಂದುಕೊಂಡಷ್ಟು ನೇರವಾಗಿಲ್ಲ. ಸಂಬಳ ನಿರ್ಧಾರವಾಗುವುದು ಬೇರೆ ಎರಡು ಪ್ರಶ್ನೆಗಳ ಮೇಲೆ: ಆ ಕಟ್ಟಡ ಒಂದು ಗಂಟೆ ನಿಂತರೆ ಯಾರಿಗೆ ಎಷ್ಟು ನಷ್ಟ? ನಿಮ್ಮ ಸಂಬಳದ ಚೀಟಿ ಯಾವ ಕಂಪನಿಯಿಂದ ಬರುತ್ತದೆ?

‘ಡೈರೆಕ್ಟರ್’ ಎಂಬ ಹೆಸರಿದ್ದರೂ ಈ ಹುದ್ದೆಯಲ್ಲಿರುವವರು ಸಾಮಾನ್ಯವಾಗಿ ಕಂಪನಿಯ ಆಡಳಿತ ಮಂಡಳಿಯ ನಿರ್ದೇಶಕರಲ್ಲ. ಕರೆಂಟು, ಹವಾನಿಯಂತ್ರಣ, ನೀರು, ಲಿಫ್ಟು, ಬೆಂಕಿ ಸುರಕ್ಷೆ, ಶುಚಿತ್ವ, ಕ್ಯಾಂಟೀನು, ಎಷ್ಟೋ ಕಡೆ ಉದ್ಯೋಗಿಗಳ ಓಡಾಟದ ಕ್ಯಾಬುಗಳೂ ಇವರ ಹೊಣೆ. ಹಿಂದೆ ಇದನ್ನೆಲ್ಲ ‘ಅಡ್ಮಿನ್’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಬೆಂಗಳೂರಿಗೆ ವಿದೇಶಿ ಕಂಪನಿಗಳ ದೊಡ್ಡ ಕೇಂದ್ರಗಳು ಬಂದ ಮೇಲೆ ಅದು ಪ್ರತ್ಯೇಕ ವೃತ್ತಿಯಾಗಿ ಬೆಳೆಯಿತು. 2018ರಲ್ಲಿ ಇದಕ್ಕೆಂದೇ ಐಎಸ್‌ಒ 41001 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಬಂತು.

ಮೊದಲು ಅಂಕಿಗಳನ್ನು ನೋಡೋಣ. ಬೆಂಗಳೂರು, ಹೈದರಾಬಾದ್, ಪುಣೆಯಂಥ ನಗರಗಳಲ್ಲಿ ಎಕ್ಸಿಕ್ಯುಟಿವ್ ಆಗಿ ಸೇರುವವರಿಗೆ ವರ್ಷಕ್ಕೆ ಸ್ಥೂಲವಾಗಿ 3ರಿಂದ 5 ಲಕ್ಷ ಸಿಗುತ್ತದೆ. ಒಂದು ಕಟ್ಟಡದ ಮ್ಯಾನೇಜರ್ ಆಗುವ ಹೊತ್ತಿಗೆ 10ರಿಂದ 18 ಲಕ್ಷ. ಹಲವು ಕಟ್ಟಡಗಳನ್ನು ನೋಡುವ ಸೀನಿಯರ್ ಮ್ಯಾನೇಜರ್, ಎಜಿಎಂ ಹಂತದಲ್ಲಿ 20ರಿಂದ 30 ಲಕ್ಷ. ಡೈರೆಕ್ಟರ್ ಎಂಬ ಹೆಸರು ಬಂದ ಮೇಲೆ 35 ಲಕ್ಷದಿಂದ ಶುರುವಾಗಿ 70 ಲಕ್ಷದವರೆಗೂ, ಇಡೀ ದೇಶದ ಅಥವಾ ಏಷ್ಯಾದ ಕಚೇರಿಗಳ ಹೊಣೆ ಹೊತ್ತರೆ ಅದಕ್ಕಿಂತ ಮೇಲೂ ಹೋಗುತ್ತದೆ. ಎರಡನೇ ಹಂತದ ನಗರಗಳಲ್ಲಿ ಇದೇ ಕೆಲಸಕ್ಕೆ ಕಡಿಮೆ. ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ಡೈರೆಕ್ಟರ್ ಹಂತದ ಹುದ್ದೆಗಳೇ ಬೆರಳೆಣಿಕೆಯಷ್ಟು. ಈ ಅಂಕಿಗಳೆಲ್ಲ ಮಾರುಕಟ್ಟೆಯ ಅಂದಾಜು. ಏಣಿಯ ಮೆಟ್ಟಿಲುಗಳ ನಡುವಿನ ಅಂತರ ತಿಳಿಯಲು ಇಷ್ಟು ಸಾಕು.

ಇನ್ನು ಆ ಎರಡು ಕಟ್ಟಡಗಳಿಗೆ ಬರೋಣ. ದೊಡ್ಡ ಕಂಪನಿಗಳು ತಮ್ಮ ಕಟ್ಟಡಗಳನ್ನು ತಾವೇ ನಡೆಸುವುದು ಅಪರೂಪ. ಸಿಬಿಆರ್‌ಇ, ಜೆಎಲ್‌ಎಲ್, ಕುಶ್ಮನ್ ಅಂಡ್ ವೇಕ್‌ಫೀಲ್ಡ್, ಸೊಡೆಕ್ಸೊ, ಐಎಸ್‌ಎಸ್, ಬಿವಿಜಿಯಂಥ ಸೇವಾ ಸಂಸ್ಥೆಗಳಿಗೆ ಗುತ್ತಿಗೆ ಕೊಡುತ್ತವೆ. ಹೀಗಾಗಿ ಮುಖ್ಯಸ್ಥರಲ್ಲಿ ಎರಡು ಬಗೆ. ಒಬ್ಬರು ಕಟ್ಟಡ ಬಳಸುವ ಕಂಪನಿಯ ಸ್ವಂತ ನೌಕರರು, ಅಂದರೆ ಕ್ಲೈಂಟ್ ಕಡೆಯವರು. ಇನ್ನೊಬ್ಬರು ಗುತ್ತಿಗೆ ಪಡೆದ ಸಂಸ್ಥೆಯ ನೌಕರರು, ವೆಂಡರ್ ಕಡೆಯವರು. ಬೆಳಿಗ್ಗೆ ಏಳಕ್ಕೆ, ಇಡೀ ಕಟ್ಟಡದ ಎಸಿಗೆ ನೀರು ತಂಪಾಗಿಸುವ ಚಿಲ್ಲರ್ ಪ್ಲಾಂಟಿನಲ್ಲಿ ನಿಂತಿರುವವರು ಹೆಚ್ಚಾಗಿ ಎರಡನೆಯವರು. ಸಂಬಳ ಹೆಚ್ಚಿರುವುದು ಮೊದಲನೆಯವರದು; ನಮ್ಮ ಉದಾಹರಣೆಯ 55 ಲಕ್ಷದವರು ಈ ಬಗೆ.

ಇದಕ್ಕೆ ಕಾರಣ ಗುತ್ತಿಗೆಯ ಲೆಕ್ಕಾಚಾರದಲ್ಲೇ ಇದೆ. ಸಾಮಾನ್ಯವಾಗಿ ಕ್ಲೈಂಟ್ ಕಂಪನಿ ವೆಂಡರ್‌ಗೆ ಪ್ರತಿ ನೌಕರನ ಸಂಬಳ, ಪಿಎಫ್, ಇಎಸ್‌ಐ, ಬೋನಸ್‌ಗಳ ಖರ್ಚನ್ನು ಕೊಟ್ಟು, ಅದರ ಮೇಲೆ ಶೇಕಡಾ ಇಷ್ಟು ಎಂದು ಮ್ಯಾನೇಜ್‌ಮೆಂಟ್ ಫೀ ಕೊಡುತ್ತದೆ. ಅದರ ಮೇಲೆ ಶೇ 18 ಜಿಎಸ್‌ಟಿ. ಯಾವ ಹುದ್ದೆಗೆ ಎಷ್ಟು ಎಂಬ ದರಪಟ್ಟಿ ಮೂರು ವರ್ಷದ ಒಪ್ಪಂದದಲ್ಲೇ ಬರೆದಿರುತ್ತದೆ. ವೆಂಡರ್ ಕಡೆಯ ಮುಖ್ಯಸ್ಥರು ಎಷ್ಟೇ ಚೆನ್ನಾಗಿ ಕೆಲಸ ಮಾಡಲಿ, ಅವರ ಇನ್‌ಕ್ರಿಮೆಂಟಿಗೆ ಕ್ಲೈಂಟಿನ ಖರೀದಿ ವಿಭಾಗ ಒಪ್ಪಬೇಕು. ಆ ವಿಭಾಗದ ಕೆಲಸವೇ ದರ ಇಳಿಸುವುದು. ಟೆಂಡರ್ ಬದಲಾದರೆ ಕೆಲವೊಮ್ಮೆ ಅದೇ ವ್ಯಕ್ತಿ, ಅದೇ ಕುರ್ಚಿಯಲ್ಲಿ, ಹೊಸ ವೆಂಡರ್‌ನ ಗುರುತಿನ ಚೀಟಿ ಹಾಕಿಕೊಂಡು ಕೂರುತ್ತಾರೆ. ಸೇವಾವಧಿ ಮತ್ತೆ ಸೊನ್ನೆಯಿಂದ ಶುರು. ಈ ವ್ಯವಸ್ಥೆ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಇದು ಹೇಗೆ ನಡೆಯುತ್ತದೆ ಎಂದು ತಿಳಿದವರು ಹೊರಬರುವ ದಾರಿಯನ್ನೂ ಹುಡುಕಿಕೊಳ್ಳಬಲ್ಲರು. ವೆಂಡರ್ ಕಡೆ ಹತ್ತು ವರ್ಷ ಬಗೆಬಗೆಯ ಕಟ್ಟಡಗಳನ್ನು ಕಂಡು, ಆಮೇಲೆ ಕ್ಲೈಂಟ್ ಕಡೆಗೆ ದಾಟುವುದು ಈ ವೃತ್ತಿಯಲ್ಲಿ ಸಂಬಳ ಜಿಗಿಯುವ ಬಹುಮುಖ್ಯ ಘಟ್ಟ.

ಎರಡನೆಯದು, ನಿಂತರೆ ಆಗುವ ನಷ್ಟ. ಮಾಲ್‌ನಲ್ಲಿ ಎಸಿ ಒಂದು ಗಂಟೆ ಕೆಟ್ಟರೆ ಗಿರಾಕಿಗಳು ಬೆವರುತ್ತಾರೆ, ಗೊಣಗುತ್ತಾರೆ. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕೆಟ್ಟರೆ ಆಪರೇಷನ್ ಮುಂದೆ ಹೋಗುತ್ತದೆ. ಡೇಟಾ ಸೆಂಟರ್‌ನಲ್ಲಿ ಕೆಟ್ಟರೆ ಬ್ಯಾಂಕುಗಳ ವ್ಯವಹಾರವೇ ನಿಲ್ಲಬಹುದು. ಡೇಟಾ ಸೆಂಟರ್‌ಗಳಿಗೆ ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ಕೊಡುವ ದರ್ಜೆಗಳ ಪೈಕಿ ಟಯರ್ 3 ಎಂದರೆ ವರ್ಷಕ್ಕೆ ಸುಮಾರು 1.6 ಗಂಟೆಗಿಂತ ಹೆಚ್ಚು ನಿಲ್ಲಬಾರದು ಎಂಬುದು ರೂಢಿಯ ಲೆಕ್ಕ. ಟಯರ್ 4ಕ್ಕೆ ಅದು 26 ನಿಮಿಷ. ಇಡೀ ವರ್ಷದಲ್ಲಿ 26 ನಿಮಿಷ! ಅದನ್ನು ಸಾಧಿಸಲು ಯುಪಿಎಸ್, ಜನರೇಟರ್, ಚಿಲ್ಲರ್ ಎಲ್ಲಕ್ಕೂ ಜೋಡಿ ವ್ಯವಸ್ಥೆ ಬೇಕು. ಅದಕ್ಕಿಂತ ಹೆಚ್ಚಾಗಿ, ಒಂದು ಕೆಟ್ಟಾಗ ಇನ್ನೊಂದಕ್ಕೆ ಬದಲಿಸುವ ಕ್ರಮವನ್ನು ತಿಂಗಳಿಗೊಮ್ಮೆ ಅಭ್ಯಾಸ ಮಾಡಿಸುವ ಮುಖ್ಯಸ್ಥರು ಬೇಕು. ಔಷಧ ಕಾರ್ಖಾನೆ, ಚಿಪ್ ಪ್ರಯೋಗಾಲಯ, ಡೇಟಾ ಸೆಂಟರ್‌ಗಳಲ್ಲಿ ಕೆಲಸ ಮಾಡಿದವರಿಗೆ ಸಾಮಾನ್ಯ ಕಚೇರಿ ಕಟ್ಟಡದವರಿಗಿಂತ ಹೆಚ್ಚು ಸಿಗುವುದು ಇದೇ ಕಾರಣಕ್ಕೆ. 22 ಲಕ್ಷ ಮತ್ತು 55 ಲಕ್ಷದ ನಡುವಿನ ಅಂತರದಲ್ಲಿ ಒಂದು ಪಾಲು ವೆಂಡರ್–ಕ್ಲೈಂಟ್ ಭೇದದ್ದು, ಇನ್ನೊಂದು ಪಾಲು ಈ ನಷ್ಟದ ಲೆಕ್ಕದ್ದು.

ಹಣದಲ್ಲಿ ಅಳೆಯಲಾಗದ ನಷ್ಟವೂ ಇದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಹೊತ್ತಿಕೊಂಡು ಒಂಬತ್ತು ಜನ ಸತ್ತರು. ಹೊಗೆಯಿಂದ ತಪ್ಪಿಸಿಕೊಳ್ಳಲು ಕಿಟಕಿಯಿಂದ ಹಾರಿದವರಿದ್ದರು. ತುರ್ತು ದಾರಿಗಳನ್ನು ಬಳಸಲಾಗದ ಸ್ಥಿತಿ ಇತ್ತೆಂಬುದು ಆಗ ನಗರವನ್ನೇ ಕಲಕಿತ್ತು. ತುರ್ತು ಬಾಗಿಲಿಗೆ ಬೀಗ ಇದೆಯೋ ಇಲ್ಲವೋ, ಮೆಟ್ಟಿಲಲ್ಲಿ ರಟ್ಟಿನ ಡಬ್ಬಗಳನ್ನು ಪೇರಿಸಿದ್ದಾರೋ ಎಂದು ದಿನವೂ ನೋಡಿಸುವುದು ಫೆಸಿಲಿಟೀಸ್ ಮುಖ್ಯಸ್ಥರ ಕೆಲಸ. ಅಗ್ನಿಶಾಮಕ ಇಲಾಖೆ, ವಿದ್ಯುತ್ ಪರಿವೀಕ್ಷಣಾಲಯ, ಮಾಲಿನ್ಯ ನಿಯಂತ್ರಣ ಮಂಡಳಿಯ ಪತ್ರಗಳಿಗೆ ಸಹಿ ಹಾಕುವುದೂ ಬಹಳ ಕಡೆ ಅವರೇ. ಕೊಳಚೆ ನೀರು ಸಂಸ್ಕರಣಾ ಘಟಕದ ಗುಂಡಿಗೆ ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದು ಮಲಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಬಾರಿಗೇ ಎರಡು ವರ್ಷದವರೆಗೆ ಸೆರೆವಾಸವಾಗಬಹುದು. 2023ರಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿ ಸಾವುಗಳಿಗೆ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಿತು. ಸಂಬಳದ ಮಾತುಕತೆಯಲ್ಲಿ ಈ ಸಹಿಯ ಹೊಣೆಯನ್ನು ಎತ್ತುವವರು ಕಡಿಮೆ. ಎತ್ತಲೇಬೇಕು. ಯಾವ ಕಾಗದಕ್ಕೆ ನನ್ನ ಸಹಿ, ತೊಂದರೆಯಾದರೆ ವಕೀಲರ ಖರ್ಚು ಯಾರದು, ಅಪಾಯ ಕಂಡರೆ ಕಟ್ಟಡದ ಒಂದು ಭಾಗವನ್ನು ಮುಚ್ಚಿಸುವ ಅಧಿಕಾರ ನನಗಿದೆಯೇ — ಇವು ಕೇಳಿ ಬರೆಸಿಕೊಳ್ಳಬೇಕಾದ ಸಂಗತಿಗಳು.

ಸಂಬಳ ಏರಿಸುವ ಇನ್ನೊಂದು ಸಾಮರ್ಥ್ಯ ತನ್ನ ಕೆಲಸವನ್ನು ರೂಪಾಯಿಯಲ್ಲಿ ಹೇಳಲು ಬರುವುದು. ಐದು ಲಕ್ಷ ಚದರಡಿಗೆ ತಿಂಗಳಿಗೆ ಚದರಡಿಗೆ 15 ರೂಪಾಯಿಯಂತೆ ನಿರ್ವಹಣಾ ವೆಚ್ಚ ಎಂದಿಟ್ಟುಕೊಂಡರೆ ತಿಂಗಳಿಗೆ 75 ಲಕ್ಷ, ವರ್ಷಕ್ಕೆ 9 ಕೋಟಿ. ವಿದ್ಯುತ್ ಬಿಲ್ಲು 6 ಕೋಟಿ ಇದ್ದು, ಅದರಲ್ಲಿ ಶೇ 8 ಉಳಿಸಿದರೆ 48 ಲಕ್ಷ. ಇದು ಅಸಾಧ್ಯವಲ್ಲ. ಕೋಣೆಯ ಎಸಿಯ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6 ವಿದ್ಯುತ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ. 2020ರಿಂದ ಹೊಸ ಎಸಿಗಳನ್ನು 24 ಡಿಗ್ರಿಗೆ ಹೊಂದಿಸಿಯೇ ಮಾರುವ ನಿಯಮವೂ ಇದೆ. ದೊಡ್ಡ ಚಿಲ್ಲರ್‌ಗಳ ಲೆಕ್ಕ ಬೇರೆ, ಆದರೂ ಜಾಡು ಅದೇ. ‘ನಾನು ಕಟ್ಟಡ ಚೆನ್ನಾಗಿ ನೋಡಿಕೊಂಡೆ’ ಎನ್ನುವವರಿಗಿಂತ ‘ವಿದ್ಯುತ್ ಕಂಪನಿ ಬೆಸ್ಕಾಂ ಜೊತೆಗಿನ ಒಪ್ಪಂದದ ಬೇಡಿಕೆ ಪ್ರಮಾಣವನ್ನು ಇಳಿಸಿ, ರಾತ್ರಿ ಖಾಲಿ ಮಹಡಿಗಳ ಎಸಿ ನಿಲ್ಲಿಸಿ ಇಷ್ಟು ಉಳಿಸಿದೆ’ ಎಂದು ಬಿಲ್ಲು ತೋರಿಸುವವರಿಗೆ ಮೇಲಿನ ಹುದ್ದೆ ಬೇಗ ಸಿಗುತ್ತದೆ.

ಓದಿನ ವಿಷಯಕ್ಕೆ ಬಂದರೆ, ಡಿಪ್ಲೊಮಾ ಮುಗಿಸಿ ಶಿಫ್ಟ್ ಎಂಜಿನಿಯರ್ ಆಗಿ ಸೇರಿ ಡೈರೆಕ್ಟರ್ ಆದವರೂ ಇದ್ದಾರೆ. ಸೇನೆ, ನೌಕಾಪಡೆಯಿಂದ ನಿವೃತ್ತರಾದವರು, ದೊಡ್ಡ ಹೋಟೆಲುಗಳ ಚೀಫ್ ಎಂಜಿನಿಯರ್‌ಗಳು ಕೂಡ ಈ ಕಡೆ ಬರುತ್ತಾರೆ. ಆದರೆ ವಿದೇಶಿ ಕಂಪನಿಗಳಲ್ಲಿ ಎಂಜಿನಿಯರಿಂಗ್ ಪದವಿ ಇಲ್ಲದವರ ಅರ್ಜಿ ಮೊದಲ ಜರಡಿಯಲ್ಲೇ ಬಿದ್ದುಹೋಗುವುದುಂಟು. ಫೆಸಿಲಿಟೀಸ್ ವೃತ್ತಿಪರರ ಅಂತರರಾಷ್ಟ್ರೀಯ ಸಂಸ್ಥೆ ಐಎಫ್‌ಎಂಎ ಕೊಡುವ ಎಫ್‌ಎಂಪಿ, ಸಿಎಫ್‌ಎಂ ಸರ್ಟಿಫಿಕೇಟುಗಳು, ಇಂಧನ ದಕ್ಷತಾ ಬ್ಯೂರೊದ ಎನರ್ಜಿ ಮ್ಯಾನೇಜರ್ ಪರೀಕ್ಷೆ, ಹಸಿರು ಕಟ್ಟಡಗಳ ಲೀಡ್ ಅರ್ಹತೆ, ಇವು ಆ ಜರಡಿಯನ್ನು ದಾಟಲು ನೆರವಾಗುತ್ತವೆ. ಸರ್ಟಿಫಿಕೇಟು ಬಂದ ಮಾತ್ರಕ್ಕೆ ಸಂಬಳ ಏರುವುದಿಲ್ಲ.

ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಹೋದ ನಮ್ಮವರಲ್ಲಿ ಈ ಕೆಲಸದಲ್ಲಿರುವವರು ಬೇಕಾದಷ್ಟು ಜನ. ದುಬೈ, ದೋಹಾದ ಸಂಬಳವನ್ನು ಬೆಂಗಳೂರಿನದರ ಜೊತೆ ಹೋಲಿಸುವಾಗ ಅಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ ಎಂಬುದನ್ನು ಮಾತ್ರ ನೋಡಬಾರದು. ಮನೆ ಬಾಡಿಗೆ, ಮಕ್ಕಳ ಶಾಲಾ ಶುಲ್ಕ, ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೆಟ್ ಒಪ್ಪಂದದಲ್ಲಿ ಇದೆಯೇ ನೋಡಿ. ಶಾಲೆಯ ಶುಲ್ಕವೊಂದೇ ಉಳಿತಾಯವನ್ನು ತಿಂದುಹಾಕಬಲ್ಲದು. ಯುಎಇಯಲ್ಲಿ ಕೆಲಸ ಬಿಡುವಾಗ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ಮೂಲ ವೇತನ ಗ್ರಾಚ್ಯುಟಿಯಾಗಿ ಸಿಗುತ್ತದೆ. ಅಮೆರಿಕದಲ್ಲಿ ಫೆಸಿಲಿಟೀಸ್ ಮ್ಯಾನೇಜರ್‌ಗಳ ಮಧ್ಯಾಂಕ ವೇತನವೇ ವರ್ಷಕ್ಕೆ ಒಂದು ಲಕ್ಷ ಡಾಲರ್ ದಾಟಿದೆ. ನಮ್ಮ ಸರ್ಕಾರಿ ವಲಯದಲ್ಲಿ ಚೌಕಾಸಿಗೆ ಜಾಗವಿಲ್ಲ. ಎನ್‌ಐಟಿಯಂಥ ಕೇಂದ್ರ ಸಂಸ್ಥೆಯ ಕ್ಯಾಂಪಸ್ ನೋಡಿಕೊಳ್ಳುವ ಸೂಪರಿಂಟೆಂಡಿಂಗ್ ಎಂಜಿನಿಯರ್‌ಗೆ ಏಳನೇ ವೇತನ ಆಯೋಗದ 13ನೇ ಹಂತ, ಮೂಲ ವೇತನ ತಿಂಗಳಿಗೆ 1,23,100 ರೂಪಾಯಿಯಿಂದ ಶುರು. ಭತ್ಯೆಗಳು ಬೇರೆ. ಖಾಸಗಿಯ ತುದಿಗೆ ಇದು ಸಾಟಿಯಲ್ಲ, ಆದರೆ ಟೆಂಡರ್ ಬದಲಾದಾಗ ಕುರ್ಚಿ ಅಲುಗುವುದಿಲ್ಲ.

ಕೈಗೆ ಬಂದ ಆಫರ್ ಲೆಟರನ್ನು ಓದುವಾಗ ಸಿಟಿಸಿ (ಕಂಪನಿಗೆ ತಗಲುವ ಒಟ್ಟು ವೆಚ್ಚ) ಎಂಬ ದೊಡ್ಡ ಅಂಕಿಯ ಕೆಳಗೆ ಇಳಿದು ನೋಡಬೇಕು. 40 ಲಕ್ಷದಲ್ಲಿ 6 ಲಕ್ಷ ಗುರಿ ಮುಟ್ಟಿದರೆ ಮಾತ್ರ ಸಿಗುವ ವೇರಿಯಬಲ್ ಆಗಿದ್ದರೆ ಖಚಿತವಾದದ್ದು 34 ಮಾತ್ರ. ಪಿಎಫ್ ನಿಜವಾದ ಮೂಲ ವೇತನದ ಶೇ 12ರಂತೆ ಕಟ್ಟುತ್ತಾರೋ ಅಥವಾ 15,000 ರೂಪಾಯಿ ಮಿತಿಗೆ ತಿಂಗಳಿಗೆ 1,800 ಕಟ್ಟಿ ಮುಗಿಸುತ್ತಾರೋ ಕೇಳಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವೂ ವೇತನಕ್ಕೇ ಸೇರುತ್ತದೆ. ಇದರಿಂದ ಗ್ರಾಚ್ಯುಟಿ ಹೆಚ್ಚುತ್ತದೆ. ತಿಂಗಳ ವೇತನ ಒಂದು ಲಕ್ಷ, ಸೇವೆ ಹತ್ತು ವರ್ಷವಾದರೆ, ತಿಂಗಳ ವೇತನದ 15/26 ಭಾಗವನ್ನು ಸೇವಾ ವರ್ಷಗಳಿಂದ ಗುಣಿಸುವ ಸೂತ್ರದಂತೆ ಗ್ರಾಚ್ಯುಟಿ ಸುಮಾರು 5.77 ಲಕ್ಷ. ನಿಗದಿತ ಅವಧಿಗೆ ನೇಮಕವಾದವರಿಗೆ ಐದು ವರ್ಷ ಕಾಯದೆ ಒಂದೇ ವರ್ಷಕ್ಕೆ ಗ್ರಾಚ್ಯುಟಿಯ ಹಕ್ಕು ಬಂದಿದೆ. ಟೆಂಡರ್‌ನಿಂದ ಟೆಂಡರ್‌ಗೆ ದಾಟುವ ವೆಂಡರ್ ಕಡೆಯವರು ಇದನ್ನು ತಿಳಿದಿರಲೇಬೇಕು.

ವೇರಿಯಬಲ್ ಯಾವ ಗುರಿಗೆ ಕಟ್ಟುಬಿದ್ದಿದೆ ಎಂಬುದನ್ನು ಇನ್ನೂ ಹತ್ತಿರದಿಂದ ನೋಡಬೇಕು. ‘ನಿರ್ವಹಣಾ ವೆಚ್ಚ ಶೇ 10 ಇಳಿಸಿದರೆ ಬೋನಸ್’ ಎಂದು ಮಾತ್ರ ಬರೆದಿದ್ದರೆ ಆ ಹತ್ತು ಎಲ್ಲಿಂದ ಬರಬೇಕು? ಚಿಲ್ಲರ್ ಸರಿಪಡಿಸಿ ಉಳಿಸಲು ಒಂದೂವರೆ ವರ್ಷ ಬೇಕು. ಹೌಸ್‌ಕೀಪಿಂಗ್‌ನ ಮೂವತ್ತು ಜನರಲ್ಲಿ ಆರು ಜನರನ್ನು ತೆಗೆಯಲು ಒಂದು ಇಮೇಲ್ ಸಾಕು. ಉಳಿದ ಇಪ್ಪತ್ತನಾಲ್ಕು ಜನ ಅದೇ ಕನಿಷ್ಠ ವೇತನಕ್ಕೆ ಮೂವತ್ತು ಜನರ ಕೆಲಸ ಮಾಡುತ್ತಾರೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಅದನ್ನು ಕೊಡುವ ಹೊಣೆ ಕೆಲಸ ಕೊಟ್ಟ ಕಂಪನಿಯದು ಎಂದು ಕಾನೂನೇ ಹೇಳುತ್ತದೆ. ಹಾಗಾಗಿ ಹೀಗೆ ಹಿಂಡಿದ ಉಳಿತಾಯ ಕಂಪನಿಗೂ ಕ್ಷೇಮವಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಈ ಗುರಿಯನ್ನು ವಿದ್ಯುತ್, ನೀರು, ಡೀಸೆಲ್‌ಗಳ ಉಳಿತಾಯಕ್ಕೆ, ಅಪಘಾತವಿಲ್ಲದ ದಿನಗಳಿಗೆ, ಯಂತ್ರಗಳು ನಿಲ್ಲದೆ ಓಡಿದ ಗಂಟೆಗಳಿಗೆ ಬದಲಿಸಿಕೊಡಿ ಎಂದು ಕೇಳಬಹುದು. ಜನರ ಸಂಖ್ಯೆಯನ್ನೂ ಅವರ ಕೂಲಿಯನ್ನೂ ಉಳಿತಾಯದ ಲೆಕ್ಕದಿಂದ ಹೊರಗಿಡಿ ಎಂದು ಬರೆಸಿಕೊಳ್ಳಬಹುದು. ಆಫರ್ ಇನ್ನೂ ಕೈಯಲ್ಲಿರುವಾಗ ಕೇಳಿದರೆ ಕಂಪನಿಗಳು ಇದಕ್ಕೆ ಒಪ್ಪುವ ಸಾಧ್ಯತೆ ಹೆಚ್ಚು. ಸೇರಿದ ಮೇಲೆ, ಮೊದಲ ಅಪ್ರೈಸಲ್‌ನಲ್ಲಿ ಕೇಳಿದರೆ ಆ ಸಾಲು ತಿದ್ದಿಸುವುದು ಬಲು ಕಷ್ಟ.